ಪ್ರೋಟೀನು ‘ಮಡಿಯಿತು’ ಅನ್ನಬಹುದೇ?

ಬಳಗದ ಎಲ್ಲರಿಗೂ ನಮಸ್ಕಾರ.

ಒಂದು ಕರಪತ್ರ ಬರೆಯಲು ಕೂತವಳು ಒಂದೇ ಒಂದು ಕ್ರಿಯಾಪದಕ್ಕೆ ಸಿಕ್ಕಿಹಾಕಿಕೊಂಡು ಎರಡು ವಾರದಿಂದ ಒದ್ದಾಡುತ್ತಿದ್ದೇನೆ. ಸ್ವಲ್ಪ ಉದ್ದದ ಪತ್ರ, ಬೇಸರಿಸಬೇಡಿ.

ನನ್ನ ಸೋದರಮಾವನಿಗೆ ಈಗ ಎಪ್ಪತ್ತಾರು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿದವರು. ಕೆಲವು ವರ್ಷಗಳ ಹಿಂದೆ ಎರಡೂ ಕೈಯ ಬೆರಳು ಜೋಮು ಹಿಡಿದು ಮಣಿಕಟ್ಟಿನ ಆಪರೇಷನ್ ಆಗಿತ್ತು. ಹೋದ ವರ್ಷ ಮೆಟ್ಟಿಲು ಹತ್ತಿದರೆ ಏದುಸಿರು, ಸಂಜೆಯಾದರೆ ಕಾಲು ಊತ. ಆ ಪರೀಕ್ಷೆ ಈ ಪರೀಕ್ಷೆ ಎಲ್ಲ ಮುಗಿದ ಮೇಲೆ ತಿಳಿಯಿತು: ಟ್ರಾನ್ಸ್‌ಥೈರೆಟಿನ್ ಎಂಬ ಪ್ರೋಟೀನು ಹೃದಯದ ಸ್ನಾಯುವಿನ ಸಂದಿಗಳಲ್ಲಿ ಕೂತು ಗೋಡೆಯನ್ನು ಬಿಗಿ ಮಾಡಿದೆ. ಮಣಿಕಟ್ಟಿನ ಜೋಮಿನ ಬೇರೂ ಅದೇ. ನಾನು ಕಾಲೇಜಿನಲ್ಲಿ ಜೀವರಸಾಯನ ಕಲಿಸುವವಳಾದ್ದರಿಂದ ರಿಪೋರ್ಟು ನನ್ನ ಕೈಗೆ ಬಂತು, ಓದಿ ಹೇಳು ಅಂತ.

“ಮಾವ, ನಿಮ್ಮ ಮೈಯಲ್ಲಿ ಒಂದು ಪ್ರೋಟೀನು ತಪ್ಪಾಗಿ ಮಡಿದಿದೆ” ಅಂದೆ.

ಕನ್ನಡಕದ ಮೇಲಿನಿಂದ ನೋಡಿದರು. “ಮಡಿದಿದೆಯಾ? ಮಡಿದ ಮೇಲೆ ಇನ್ನೇನು ಔಷಧ ಕಣಮ್ಮ, ತಿಥಿ ಮಾಡಿದರಾಯಿತು.”

ನಗು ಬಂತು, ಆದರೆ ತಗಾದೆ ಅಲ್ಲಿಂದಲೇ ಶುರು. ಇದೇ ಕಾಯಿಲೆಯವರ ಮನೆಯವರು ಕೆಲವರು ಸೇರಿ ಕನ್ನಡದಲ್ಲಿ ನಾಲ್ಕು ಪುಟದ ಕರಪತ್ರ ತರೋಣ ಅಂದಾಗ ಬರೆಯುವ ಕೆಲಸ ನನ್ನ ತಲೆಗೆ ಬಂತು. ಮೊದಲ ವಾಕ್ಯದಲ್ಲೇ ನಿಂತಿದ್ದೇನೆ. ಪ್ರೋಟೀನು ಅಂದರೆ ಅಮೈನೋ ಆಮ್ಲಗಳೆಂಬ ಮಣಿಗಳ ಉದ್ದನೆಯ ಸರ; ಸಾಮಾನ್ಯವಾಗಿ ಅದು ತನ್ನದೇ ಒಂದು ಆಕಾರಕ್ಕೆ ಬಾಗಿ ಸುತ್ತಿಕೊಂಡರೇ ಕೆಲಸಕ್ಕೆ ಬರುವುದು. ಇಂಗ್ಲಿಷಿನವರು ಇದಕ್ಕೆ ‘ಫೋಲ್ಡ್’ ಅನ್ನುತ್ತಾರೆ. ನಾವು ಏನನ್ನೋಣ?

‘ಮಡಿ’ ಎಂಬ ಕ್ರಿಯಾಪದಕ್ಕೆ ಬಾಗು, ಪದರಗೊಳ್ಳು ಎಂಬ ಅರ್ಥ ಇದ್ದೇ ಇದೆ. ಲೆಕ್ಕದಲ್ಲಿ ಅದು ಇನ್ನೂ ಗಟ್ಟಿಯಾಗಿ ಕೂತಿದೆ. ಇಮ್ಮಡಿ ಪುಲಕೇಶಿ, ಮುಮ್ಮಡಿ ಕೃಷ್ಣರಾಜರು, ನಾಲ್ವಡಿ ಕೃಷ್ಣರಾಜರು ಎಂದು ದೊರೆಗಳನ್ನೂ ಮಡಿಕೆ ಹಾಕಿ ಎಣಿಸಿದವರು ನಾವು. ಆದರೆ ‘ಮಡಿದ’, ‘ಮಡಿಯಿತು’ ಅಂದ ಕೂಡಲೇ ಇವತ್ತಿನ ಕಿವಿಗೆ ಬೀಳುವುದು ರಣರಂಗ. ‘ಮಡಿ’ ನಾಮಪದವಾದರೋ ದೇವರ ಮನೆಗೆ ಹೋಗುತ್ತದೆ, ಇಲ್ಲವೇ ಸಸಿ ಬೆಳೆಸುವ ಪಾತಿಗೆ. ಹೀಗಾಗಿ ‘ತಪ್ಪಾಗಿ ಮಡಿದ ಪ್ರೋಟೀನು’ ಎಂದು ಅಚ್ಚು ಹಾಕಿಸಿದರೆ ಓದುವವರಲ್ಲಿ ಅರ್ಧ ಜನ ಅದನ್ನು ಸತ್ತ ಪ್ರೋಟೀನು ಎಂದೇ ತಿಳಿಯುತ್ತಾರೆ. ಕಾಯಿಲೆಯಲ್ಲಿ ಆಗುವುದು ಇದರ ತಿರುಗುಮುರುಗು: ಅದು ಸಾಯುವುದಿಲ್ಲ, ಕರಗುವುದಿಲ್ಲ, ಜಪ್ಪಯ್ಯ ಅಂದರೂ ಜಾಗ ಬಿಡುವುದಿಲ್ಲ.

ಹಾಗಾದರೆ ‘ಮಡಿಸು’, ‘ಮಡಚು’? ಬಟ್ಟೆ ಮಡಿಸುತ್ತೇವೆ, ಕೊಡೆ ಮಡಚುತ್ತೇವೆ. ಎರಡರಲ್ಲೂ ಕೈಯಿಡುವವರು ಒಬ್ಬರು ಬೇಕು. ‘ಮಡಿಸಿದ ಪ್ರೋಟೀನು’ ಅಂದರೆ ಯಾರು ಮಡಿಸಿದರು ಎಂದು ಕೇಳುವ ಹಕ್ಕು ಓದುಗರಿಗೆ ಇದೆ. (‘ಮಡಿಸಲ್ಪಟ್ಟ’ ಎಂದು ಒಂದು ಕಡೆ ಓದಿದೆ. ‘ಅಲ್ಪಟ್ಟ’ಕ್ಕೆ ಕನ್ನಡದಲ್ಲಿ ಇನ್ನೂ ಜೀವ ಇರುವುದು ಅನುವಾದಕರ ದಯದಿಂದ.) ಇಲ್ಲಿ ನಾನು ವ್ಯಾಕರಣಕ್ಕಾಗಿ ಹಟ ಹಿಡಿಯುತ್ತಿಲ್ಲ. ಯಾರು ಮಡಿಸಿದರು ಎಂಬ ಪ್ರಶ್ನೆಗೆ ‘ಯಾರೂ ಇಲ್ಲ’ ಎಂಬ ಉತ್ತರವೇ ಈ ವಿಷಯದ ತಿರುಳು. ಅದನ್ನು ತೋರಿಸಿಕೊಟ್ಟದ್ದಕ್ಕೆ ಕ್ರಿಶ್ಚಿಯನ್ ಆನ್ಫಿನ್ಸನ್ ಅವರಿಗೆ 1972ರ ನೊಬೆಲ್ ಸಂದಿತು.

ಅವರ ಪ್ರಯೋಗ ಪಾಠ ಮಾಡುವಾಗ ನನಗೆ ಪ್ರತಿಸಲವೂ ಖುಷಿ ಕೊಡುತ್ತದೆ. ರೈಬೋನ್ಯೂಕ್ಲಿಯೇಸ್ ಎಂಬ ಪುಟ್ಟ ಕಿಣ್ವ, 124 ಅಮೈನೋ ಆಮ್ಲಗಳ ಸರ. ಅದರಲ್ಲಿ ಎಂಟು ಕಡೆ ಸಿಸ್ಟೀನ್. ಅವು ಎರಡೆರಡಾಗಿ ಗಂಧಕದ ಗಂಟು ಹಾಕಿಕೊಂಡು ನಾಲ್ಕು ಜೋಡಿಯಾಗಿರುತ್ತವೆ. ಯೂರಿಯಾ (ಹೌದು, ಗದ್ದೆಗೆ ಹಾಕುವ ಅದೇ ಯೂರಿಯಾ) ಮತ್ತು ಗಂಟು ಬಿಡಿಸುವ ಇನ್ನೊಂದು ರಾಸಾಯನಿಕ ಬೆರೆಸಿದಾಗ ಸರ ಪೂರ್ತಿ ಬಿಚ್ಚಿಕೊಂಡು ಜೋತುಬಿತ್ತು, ಕೆಲಸ ನಿಲ್ಲಿಸಿತು. ಆಮೇಲೆ ಆ ಎರಡನ್ನೂ ಮೆಲ್ಲಗೆ ತೆಗೆದರು, ಅಷ್ಟೇ. ಎಂಟು ಸಿಸ್ಟೀನ್‌ಗಳು ಜೋಡಿಯಾಗಲು 105 ದಾರಿಗಳಿವೆ, ಸರಿಯಾದದ್ದು ಒಂದೇ. ಕಿಣ್ವ ಆ ಒಂದನ್ನೇ ಹಿಡಿದು ಮತ್ತೆ ಕೆಲಸಕ್ಕೆ ನಿಂತಿತು. ಯಾವ ಕೈಯೂ ಮುಟ್ಟಲಿಲ್ಲ. ಆಕಾರದ ಗುಟ್ಟು ಸರದ ಮಣಿಗಳ ಅನುಕ್ರಮದಲ್ಲೇ ಇತ್ತು.

ಆದ್ದರಿಂದ ನನ್ನ ಆಯ್ಕೆ ‘ಮಡಚಿಕೊಳ್ಳು’. ‘ಕೊಳ್ಳು’ ಎಂಬ ಈ ಬಾಲ ಎಷ್ಟು ಉಪಕಾರಿ ನೋಡಿ. ಬೆಕ್ಕು ಕಾಲು ಮಡಚಿಕೊಂಡು ಕೂರುತ್ತದೆ, ಮುಟ್ಟಿದರೆ ಮುನಿಯ ಸಂಜೆಗೆ ಎಲೆ ಮಡಚಿಕೊಳ್ಳುತ್ತದೆ, ಪ್ರೋಟೀನು ತಾನಾಗಿ ಮಡಚಿಕೊಳ್ಳುತ್ತದೆ. ಆಗಿ ಮುಗಿದ ಆಕಾರಕ್ಕೆ ‘ಮಡಿಕೆ’, ಆಗುವ ಕ್ರಿಯೆಗೆ ‘ಮಡಚಿಕೊಳ್ಳುವಿಕೆ’ ಎಂದು ಬೇರೆ ಮಾಡಿಟ್ಟುಕೊಂಡರೆ ಇನ್ನೊಂದು ಲಾಭವಿದೆ. 2024ರ ರಸಾಯನಶಾಸ್ತ್ರದ ನೊಬೆಲ್‌ನಲ್ಲಿ ಅರ್ಧ ಪಾಲು ಪಡೆದ ಹಸ್ಸಾಬಿಸ್ ಮತ್ತು ಜಂಪರ್ ಅವರ ಆಲ್ಫಾಫೋಲ್ಡ್ ಎಂಬ ಕಂಪ್ಯೂಟರ್ ತಂತ್ರಾಂಶ ಹೇಳುವುದು ಮಡಿಕೆಯನ್ನು. ಸರ ಯಾವ ದಾರಿ ಹಿಡಿದು ಆ ಮಡಿಕೆಗೆ ಬಂತು ಎಂಬುದು ಬೇರೆಯದೇ ಪ್ರಶ್ನೆ. ಪತ್ರಿಕೆಗಳು ಎರಡನ್ನೂ ಕಲಸಿಬಿಟ್ಟವು.

ಒಂದು ಪ್ರಾಂತಭೇದ. ನಮ್ಮ ಅತ್ತೆ ಧಾರವಾಡದವರು. ಅವರ ಬಾಯಲ್ಲಿ ಬಟ್ಟೆ ಮಡಿಸುವುದಿಲ್ಲ, ‘ಅರಿವಿ ಘಡಿ ಮಾಡೋದು’. ಹೊಸ ಸೀರೆ ಮೊದಲಸಲ ಉಟ್ಟರೆ ‘ಘಡಿ ಮುರದ್ಯೇನವಾ’ ಅನ್ನುತ್ತಾರೆ. ಯೂರಿಯಾ ಹಾಕಿದಾಗ ಆಗುವುದಕ್ಕೆ ‘ಘಡಿ ಮುರಿಯುವುದು’ ಎಷ್ಟು ಚೆಂದದ ಮಾತು! ಆದರೆ ತುಮಕೂರು, ಹಾಸನದ ಕಡೆ ಅರ್ಥವಾಗಲಿಕ್ಕಿಲ್ಲ.

ಇನ್ನು ಶಾಪರೋನ್. ಜೀವಕೋಶದಲ್ಲಿ ಇಕ್ಕಟ್ಟು ಬಹಳ; ಅರ್ಧ ಮಡಚಿಕೊಂಡ ಸರಗಳು ಒಂದಕ್ಕೊಂದು ಅಂಟಿ ಮುದ್ದೆಯಾಗುವ ಅಪಾಯ. ಅದನ್ನು ತಪ್ಪಿಸುವ ಪ್ರೋಟೀನುಗಳಿವು. ಹೆಸರನ್ನು 1978ರಲ್ಲಿ ರಾನ್ ಲ್ಯಾಸ್ಕಿ ಬಳಸಿದರು, 1987ರಲ್ಲಿ ಜಾನ್ ಎಲ್ಲಿಸ್ ಎಲ್ಲ ಬಗೆಗೂ ಹರಡಿದರು. ಮದುವೆಯಾಗದ ಹುಡುಗಿಯ ಜೊತೆ ಕಾವಲಿಗೆ ಹೋಗುವ ಹಿರಿಯಳು ಎಂಬುದು ಅವರ ಊರಿನ ಚಿತ್ರ. ನಮ್ಮಲ್ಲಿ ‘ಸಹಚರಿ’, ‘ಪರಿಚಾರಿಕೆ’ ಎಂದು ಬರೆದವರಿದ್ದಾರೆ. ನನಗೆ ಹೊಳೆದದ್ದು ‘ಸೂಲಗಿತ್ತಿ’. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಮೇಲೆ ಆ ಪದ ಪೇಟೆಯ ಮಕ್ಕಳಿಗೂ ಗೊತ್ತು. ಸೂಲಗಿತ್ತಿ ಮಗುವನ್ನು ಮಾಡುವುದಿಲ್ಲ. ಎಡವಟ್ಟಾಗದಂತೆ ನೋಡಿಕೊಂಡು ಮುಂದಿನ ಮನೆಗೆ ಹೊರಡುತ್ತಾಳೆ. ಶಾಪರೋನ್ ಮಾಡುವುದೂ ಅಷ್ಟೇ. ಹಾರ್ಟ್ಲ್ ಮತ್ತು ಹಾರ್ವಿಚ್ ಬಿಡಿಸಿ ತೋರಿಸಿದ ಪೀಪಾಯಿಯಾಕಾರದ ಶಾಪರೋನ್ ಇನ್ನೂ ಒಂದು ಹೆಜ್ಜೆ ಮುಂದೆ: ಸರವನ್ನು ಒಳಗೆ ಬಿಟ್ಟುಕೊಂಡು ಮುಚ್ಚಳ ಹಾಕಿ ಕೆಲವು ಸೆಕೆಂಡು ಒಂಟಿಯಾಗಿ ಇರಿಸುತ್ತದೆ. ಅಪ್ಪಟ ಬಾಣಂತಿ ಕೋಣೆ.

ಸಹೋದ್ಯೋಗಿಯೊಬ್ಬರು ಆಕ್ಷೇಪ ಎತ್ತಿದರು. ಜ್ವರ, ಸೆಖೆಗೆ ಕೆಟ್ಟ ಹಳೆಯ ಪ್ರೋಟೀನುಗಳನ್ನೂ ಶಾಪರೋನ್‌ಗಳು ನೋಡಿಕೊಳ್ಳುತ್ತವೆ, ಸೂಲಗಿತ್ತಿ ಮುದುಕರಿಗೆ ಹೆರಿಗೆ ಮಾಡಿಸುತ್ತಾಳಾ ಅಂತ. ಒಪ್ಪಿದೆ. ಆದರೂ ಪದ ಬಿಡಲು ಮನಸ್ಸಿಲ್ಲ.

ಈಗ ಮುಖ್ಯ ತೊಡಕು. ಮಡಚಿಕೊಳ್ಳುವುದು ತಪ್ಪಿದರೆ ಏನನ್ನೋಣ? ‘ಅಪಮಡಿಕೆ’ ಅಂದರೆ ಅರಿಸಮಾಸ, ಮಾವನೇ ಮೊದಲು ಕೆಂಪು ಶಾಯಿ ತೆಗೆಯುತ್ತಾರೆ. ‘ಅಪವಲನ’ ಗ್ರಹಣದ ಪಂಚಾಂಗದಂತೆ ಕೇಳುತ್ತದೆ. ‘ತಪ್ಪುಮಡಿಕೆ’ ನಡೆದೀತು, ಆದರೆ ಸಪ್ಪೆ. ಕರಡು ಓದಿದ ಮಾವ ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಪದ ಗೀಚಿ ಕಳಿಸಿದರು: ‘ಮುದುರು’. ಸರಿಯಾದರೆ ಮಡಚಿಕೊಂಡಿತು, ತಪ್ಪಿದರೆ ಮುದುರಿಕೊಂಡಿತು. ಉಪಸರ್ಗ ಬೇಡ, ಸಂಸ್ಕೃತ ಬೇಡ. ಓದಿ ಐದು ನಿಮಿಷ ಸುಮ್ಮನೆ ಕೂತೆ.

ಶ್ವಾಸಕೋಶದಲ್ಲಿ ಅಂಟು ಕಫ ಕಟ್ಟುವ ಸಿಸ್ಟಿಕ್ ಫೈಬ್ರೋಸಿಸ್ ಎಂಬ ಹುಟ್ಟುಕಾಯಿಲೆಗೆ ಇದು ಹೇಳಿ ಮಾಡಿಸಿದಂತಿದೆ. ಅಲ್ಲಿ 1480 ಮಣಿಗಳ ಸರದಲ್ಲಿ 508ನೆಯ ಜಾಗದ ಒಂದೇ ಒಂದು ಫೀನೈಲ್‌ಅಲನೀನ್ ಇಲ್ಲದಿರುವುದು ಅತಿ ಹೆಚ್ಚು ಕಾಣುವ ದೋಷ. ಸರ ಮುದುರಿಕೊಳ್ಳುತ್ತದೆ, ಕೋಶದ ತಪಾಸಣೆಯಲ್ಲಿ ಸಿಕ್ಕಿಬಿದ್ದು ಚೂರಾಗುತ್ತದೆ, ಕೋಶದ ಪೊರೆಯಲ್ಲಿ ಉಪ್ಪು ದಾಟಿಸಬೇಕಾದ ಬಾಗಿಲು ಬಾಗಿಲ ಜಾಗಕ್ಕೆ ಬರುವುದೇ ಇಲ್ಲ. 2019ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಮೂರು ಔಷಧಗಳ ಜೋಡಣೆಯಲ್ಲಿ ಎರಡರ ಕೆಲಸ ಆ ಮುದುರನ್ನು ಬಿಡಿಸಿ ಬಾಗಿಲನ್ನು ಅದರ ಜಾಗಕ್ಕೆ ತಲುಪಿಸುವುದು, ಮೂರನೆಯದು ಅದನ್ನು ತೆರೆದು ಹಿಡಿಯುತ್ತದೆ.

ಆದರೆ ಮಾವನ ಕಾಯಿಲೆಗೇ ಮಾವನ ಪದ ಹೊಂದುವುದಿಲ್ಲ! ಹೃದಯದಲ್ಲಿ ಕೂತದ್ದು ಮುದುರಿದ ಕಾಗದದಂಥ ಉಂಡೆಯಲ್ಲ. ಅಲ್ಲಿ ಸರಗಳು ಚಪ್ಪಟೆಯಾಗಿ, ಒಂದರ ಮೇಲೊಂದು, ಇಸ್ತ್ರಿ ಅಂಗಡಿಯ ಅಟ್ಟಿಯ ಹಾಗೆ ಶಿಸ್ತಾಗಿ ಪೇರಿಸಿಕೊಂಡು ಉದ್ದನೆಯ ನಾರಾಗಿವೆ. ಪಾಠಪುಸ್ತಕದ ‘ಬೀಟಾ ಹಾಳೆ’ ಇದೇ ತಾನೆ. ನಾನು ತರಗತಿಯಲ್ಲಿ ‘ನೆರಿಗೆ’ ಅನ್ನುತ್ತೇನೆ, ಸೀರೆ ಉಡುವವರಿಗೆ ಮತ್ತೆ ವಿವರಿಸಬೇಕಿಲ್ಲ. ಈ ನೆರಿಗೆ, ಸುರುಳಿ ಎಲ್ಲ ಯಾವ ಕೋನಗಳಲ್ಲಿ ಸಾಧ್ಯ ಎಂಬ ನಕ್ಷೆಯನ್ನು 1963ರಲ್ಲಿ ಮದರಾಸಿನಿಂದ ಕೊಟ್ಟವರು ಜಿ. ಎನ್. ರಾಮಚಂದ್ರನ್. ರಾಮನ್ ಅವರ ಶಿಷ್ಯರಾಗಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಕಲಿತು, ಮುಂದೆ ಅಲ್ಲಿಗೇ ಮರಳಿ ಅಣುಜೀವಭೌತ ವಿಭಾಗ ಕಟ್ಟಿದವರು. ಚರ್ಮ, ಮೂಳೆಗಳಲ್ಲಿರುವ ಕೊಲಾಜನ್ ಎಂಬ ಪ್ರೋಟೀನು ಮೂರೆಳೆಯ ಹುರಿ ಎಂದು ಹೇಳಿದ್ದೂ ಅವರೇ. ಸುರುಳಿ, ನೆರಿಗೆ, ಹುರಿ: ಮೂರಕ್ಕೂ ನಮ್ಮಲ್ಲಿ ಮನೆಮಾತಿನ ಪದ ಇರುವಾಗ ‘ಕುಂಡಲಿನಿ’ ಗಿಂಡಲಿನಿ ಯಾಕೆ ಬೇಕೋ.

ಹೀಗೆ ನಾರಾಗಿ ಕೂತ ಪ್ರೋಟೀನಿಗೆ ವೈದ್ಯರು ಹೇಳುವ ಹೆಸರು ಅಮೈಲಾಯ್ಡ್. ಅದನ್ನು ಮಾತ್ರ ಅನುವಾದಿಸಬೇಡಿ, ದಮ್ಮಯ್ಯ. 1854ರಲ್ಲಿ ಜರ್ಮನಿಯ ವೈದ್ಯ ಫಿರ್ಖೋ ಅಯೋಡಿನ್ ಹಾಕಿದಾಗ ಗಂಜಿಯಂತೆ ಬಣ್ಣ ತಿರುಗಿತೆಂದು ‘ಗಂಜಿಯಂಥದ್ದು’ ಎಂಬ ಅರ್ಥದ ಹೆಸರಿಟ್ಟರು. ಐದೇ ವರ್ಷದಲ್ಲಿ ಅದು ಗಂಜಿಯಲ್ಲ, ಪ್ರೋಟೀನಿನ ಜಾತಿ ಎಂದು ತಿಳಿಯಿತು. ಹೆಸರು ಮಾತ್ರ ಉಳಿಯಿತು. ‘ಪಿಷ್ಟಾಭ’ ಎಂದು ಬರೆದರೆ ಅವರ ತಪ್ಪನ್ನು ನಾವು ಮಡಿಯುಟ್ಟು ಪೂಜಿಸಿದಂತೆ. ಸಕ್ಕರೆ ಕಾಯಿಲೆಯವರು ಅನ್ನ ಬಿಟ್ಟರೆ ಸರಿಹೋಗುತ್ತದೆಂದೂ ತಿಳಿದಾರು. ಪ್ರೋಟೀನಿಗೆ ‘ಸಸಾರಜನಕ’ವನ್ನೂ ಇದೇ ಕಾರಣಕ್ಕೆ ಬಿಟ್ಟೆ. ಸಸಾರ ಮಾಡುವ ವಿಷಯವಲ್ಲ ಇದು.

ಇನ್ನೊಂದು ಎಚ್ಚರ. ಪಪುವಾ ನ್ಯೂಗಿನಿಯ ಫೋರೆ ಜನರಲ್ಲಿ ಸತ್ತವರ ದೇಹ ತಿನ್ನುವ ಶೋಕಾಚರಣೆಯಿಂದ ಹರಡಿದ್ದ ಮಿದುಳಿನ ಕಾಯಿಲೆಗೆ ಅವರ ಮಾತಿನಲ್ಲಿ ‘ಕುರು’, ನಡುಕ ಎಂದರ್ಥ. ಕನ್ನಡದ ಬರಹವೊಂದರಲ್ಲಿ ‘ಕುರು ಎದ್ದು ಸತ್ತರು’ ಎಂದು ಓದಿ ಬೆರಗಾದೆ. ಅನುವಾದಕರು ಬೆನ್ನಿನ ಮೇಲೆ ಏಳುವ ಕುರು ಎಂದೇ ತಿಳಿದಿರಬೇಕು. ‘ಕೂರು’ ಎಂದರೂ ತೊಂದರೆ, ‘ನಡುಕುರೋಗ’ ಅಂದರೆ ಪಾರ್ಕಿನ್ಸನ್ ಆಗುತ್ತದೆ. ‘ಫೋರೆಯವರ ನಡುಕು’ ಅಂದರೆ ಹೇಗೆ? ಆ ಕಾಯಿಲೆಯ ಬಗೆಯ ಸೋಂಕುಕಾರಿಗೆ 1982ರಲ್ಲಿ ಪ್ರೂಸಿನರ್ ಇಟ್ಟ ಹೆಸರು ಪ್ರಿಯಾನ್. ತಾನು ಕೆಟ್ಟದ್ದಲ್ಲದೆ ಪಕ್ಕದ್ದನ್ನೂ ತನ್ನ ಅಚ್ಚಿಗೆ ತಿರುಗಿಸುವ ಪ್ರೋಟೀನು. ಕನ್ನಡದ ಕಿವಿಗೆ ಪ್ರಿಯವಾಗಿ ಕೇಳುವುದೇ ಅದರ ಚೋದ್ಯ.

ಔಷಧದ ಪ್ಯಾರಾ ಮಾತ್ರ ಸಲೀಸಾಗಿ ಬಂತು. ಟ್ರಾನ್ಸ್‌ಥೈರೆಟಿನ್ ಪಿತ್ತಜನಕಾಂಗದಲ್ಲಿ ತಯಾರಾಗಿ ಥೈರಾಕ್ಸಿನ್ ಮತ್ತು ಎ ವಿಟಮಿನ್ ಹೊರುವ ಕೂಲಿ, ನಾಲ್ಕು ತುಂಡು ಕೂಡಿದ ಒಂದು ಕಟ್ಟು. ವಯಸ್ಸಾದಂತೆ ಅಥವಾ ಹುಟ್ಟಿನಿಂದ ಬಂದ ದೋಷದಿಂದ ಕಟ್ಟು ಸಡಿಲವಾಗಿ ತುಂಡುಗಳು ಬೇರಾಗುತ್ತವೆ. ಬೇರಾದದ್ದೇ ಆಕಾರ ಕೆಟ್ಟು ನಾರಾಗುವುದು. ಟಾಫಮಿಡಿಸ್ ಎಂಬ ಮಾತ್ರೆ ಥೈರಾಕ್ಸಿನ್ ಕೂರುವ ಸಂದಿಯಲ್ಲಿ ಹೋಗಿ ಕೂತು ನಾಲ್ಕನ್ನೂ ಬಿಗಿಯುತ್ತದೆ. ‘ಸ್ಥಿರೀಕಾರಕ’ ಎಂದು ಬರೆದು ಹೊಡೆದುಹಾಕಿ ‘ಬೆಣೆ’ ಎಂದು ಬರೆದೆ. ಗುದ್ದಲಿಯ ಕಾವು ಸಡಿಲವಾದರೆ ಹೊಡೆಯುತ್ತೇವಲ್ಲ, ಅದೇ. 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 441 ಜನರಿದ್ದರು. 30 ತಿಂಗಳಲ್ಲಿ ತೀರಿಕೊಂಡವರು ಮಾತ್ರೆ ಪಡೆದವರಲ್ಲಿ ಶೇ. 29.5, ಪಡೆಯದವರಲ್ಲಿ ಶೇ. 42.9. ಬೆಣೆ ಹೊಸ ನಾರು ಬೆಳೆಯುವುದನ್ನು ತಗ್ಗಿಸುತ್ತದೆ, ಆಗಲೇ ಕೂತದ್ದನ್ನು ಕೀಳುವುದಿಲ್ಲ ಎಂದೂ ಬರೆದಿದ್ದೇನೆ. ಮಾವನಿಗೂ ಅದನ್ನೇ ಹೇಳಿದ್ದು.

ಹಾಗೆ ಕೂತದ್ದಕ್ಕೆ ಏನನ್ನುತ್ತೀರಿ? ‘ಶೇಖರಣೆ’ ಉಗ್ರಾಣದ ಮಾತು, ‘ಕೊಬ್ಬು’ ಅಪ್ಪಟ ಸುಳ್ಳು. ದೀಪದ ಹಣತೆಯಲ್ಲಿ ಎಣ್ಣೆ ಉಳಿಸುವ ‘ಕಿಟ್ಟ’ ನನಗೆ ಹಿಡಿಸಿದೆ. ನಿಮ್ಮ ಕಡೆ ಕಿಟ್ಟ ಅಂದರೆ ಎಣ್ಣೆಯದೋ, ಕಬ್ಬಿಣದ್ದೋ, ಅಥವಾ ಕೃಷ್ಣನ ಮುದ್ದು ಹೆಸರಷ್ಟೇಯೋ?

ಮತ್ತು ಅದಕ್ಕಿಂತ ಮುಖ್ಯವಾಗಿ: ಶಿಸ್ತಾಗಿ, ನೆರಿಗೆ ನೆರಿಗೆಯಾಗಿ, ಆದರೆ ತಪ್ಪಾಗಿ ಮಡಚಿಕೊಳ್ಳುವುದಕ್ಕೆ ನಿಮ್ಮ ಮನೆಯಲ್ಲಿ, ಮಗ್ಗದಲ್ಲಿ, ದರ್ಜಿ ಅಂಗಡಿಯಲ್ಲಿ ಒಂದು ಮಾತು ಇದೆಯೇ? ಇಸ್ತ್ರಿ ಮಾಡಿ ತಪ್ಪು ಗೆರೆ ಕೂತ ಪಂಚೆಯನ್ನು ಮತ್ತೆ ನೀವಿದರೂ ಅದೇ ಗೆರೆಗೇ ಹೋಗುತ್ತದಲ್ಲ, ಆ ಗೆರೆಗೆ ಯಾವುದಾದರೂ ಹೆಸರು? ಕರಪತ್ರ ಬರುವ ಸೋಮವಾರ ಅಚ್ಚಿಗೆ ಹೋಗುತ್ತದೆ. ಅಷ್ಟರೊಳಗೆ ಬಾರದಿದ್ದರೆ ‘ತಪ್ಪುಮಡಿಕೆ’ಯೇ ಗತಿ, ಮಾವನ ಮುಖ ಸಪ್ಪಗಾಗುತ್ತದೆ.