ಕಲಬುರಗಿದಾಗ ನಮ್ಮ ಫುಟ್‌ಬಾಲ್ ಮ್ಯಾಚ್ ನೋಡ್ಲಾಕ ಮಂದಿ ಯಾಕ ಬರವಲ್ರು?

ಕೆಂಪುಜರ್ಸಿ_ಕಲಬುರಗಿ:

ನಮಸ್ಕಾರ್ರಿ ಎಲ್ಲರಿಗೂ. ನಾ ಇಲ್ಲಿ ಒಂದು ಸಣ್ಣ ಫುಟ್‌ಬಾಲ್ ಕ್ಲಬ್ಬಿಗೆ ಓಡ್ಯಾಡೋ ಮೂರ್ನಾಕು ಮಂದಿದಾಗ ಒಬ್ಬ. ಕ್ಲಬ್ ಹೆಸರು ಹೇಳಂಗಿಲ್ಲ, ಗೊತ್ತಿದ್ದವರಿಗೆ ಗೊತ್ತಾಗ್ತದ, ಗೊತ್ತಿಲ್ದವರೇ ಭಾಳ ಅದಾರ, ಅದೇ ನಮ್ಮ ಪ್ರಾಬ್ಲಮ್. ನಾವು ಆಡೋದು ಕೆಳಗಿನ ಡಿವಿಜನ್. ಟಿವಿದಾಗ ಬರಲ್ಲ, ಪೇಪರ್‌ದಾಗ ಬಂದ್ರ ಮೂಲ್ಯಾಗ ನಾಕ್ ಸಾಲು, ಅದ್ರಾಗೂ ಒಂದ್ ಸಲ ನಾವ್ ಗೆದ್ದಿದ್ದು ಸೋತೀವಂತ ಬಂದಿತ್ತು.

ಹೋದ ರವಿವಾರ ಬಂದವರ ತಲಿ ಎಣಿಸಿದ್ವಿ, 43. ಅದ್ರಾಗ ಎದುರು ಟೀಮಿನ ಬದಲಿ ಹುಡುಗರು, ಅವರ ಟೆಂಪೋ ಡ್ರೈವರ್, ಶೇಂಗಾ ಮಾರವ ಒಬ್ಬ, ವಾಕಿಂಗ್ ಬಂದು ಸುಮ್ನ ನಿಂತ ಇಬ್ರು ಕಾಕಾಗಳು ಎಲ್ಲಾ ಸೇರಿ. ಅದೇ ವಾರ ನಮ್ಮ ಹುಡುಗ ಹೊಡೆದ ಒಂದು ಫ್ರೀಕಿಕ್ ರೀಲ್ ಹಾಕಿದ್ವಿ, 11 ಸಾವಿರ ವ್ಯೂಸ್ ಬಂದ್ವು. ಅದ್ರಾಗ ಹನ್ನೊಂದು ಮಂದಿ ಗ್ರೌಂಡಿಗೆ ಬಂದಿದ್ರೂ ಖುಷಿ ಆಗ್ತಿತ್ತು.

ಜಗತ್ ಸರ್ಕಲ್ ಹತ್ರ ಒಂದ್ ಫ್ಲೆಕ್ಸ್ ಕಟ್ಟಿದ್ವಿ, ಎರಡ್ ದಿನಕ್ಕ ಮಾಯ. ಆಮ್ಯಾಲ ನೋಡಿದ್ರ ಒಂದ್ ಕಬ್ಬಿನ ಹಾಲಿನ ಬಂಡಿ ಮ್ಯಾಲ ನೆರಳಿಗೆ ಹಾಕ್ಯಾರ, ನಮ್ಮ ಕ್ಯಾಪ್ಟನ್ ಮಾರಿ ಉಲ್ಟಾ ಜೋತಾಡ್ಲತ್ತದ. ಬಿಸಿಲು ನೋಡಿ ಸಿಟ್ಟೂ ಬರ್ಲಿಲ್ಲ.

ಸ್ಪಾನ್ಸರ್ ಕೇಳ್ಲಾಕ ಗಂಜಿನಾಗ, ಅಂದ್ರ ನಮ್ಮ ಧಾನ್ಯದ ಮಾರ್ಕೆಟ್‌ದಾಗ, ಒಬ್ರು ದಾಲ್ ಮಿಲ್ ಸಾವಕಾರ್ರ ಹತ್ರ ಹೋಗಿದ್ವಿ. ಭಾಳ ಛಲೋ ಮಾತಾಡಿದ್ರು, ಚಾ ಕುಡಿಸಿದ್ರು, ರೊಕ್ಕದ ಮಾತು ಬಂದಾಗ "ನನ್ನ ಮಿಲ್ಲಿನ ಹೆಸರು ಆ 40 ಮಂದಿ ಓದಿದ್ರ ನನಗೇನ್ ಬರ್ತದ ತಮ್ಮಾ" ಅಂದ್ರು. ಏನ್ ಹೇಳ್ಬೇಕು, ಖರೇನೇ ಅದ. ಟೆಂಪೋ ಬಾಡಿಗಿ, ರೆಫ್ರಿ ಫೀ, ಲೈನ್ ಹಾಕೋ ಸುಣ್ಣ, ನಿಂಬೆಹಣ್ಣು ಗ್ಲುಕೋಸ್ ತನ ಎಲ್ಲಾ ನಮ್ಮ ಕಿಸೆದಿಂದೇ ಹೊಂಟಾದ.

ಇನ್ನೊಂದು ಹೊಟ್ಟಿಉರಿ ಹೇಳಿ ಬಿಡ್ತೀನಿ. ನಮ್ಮ ಊರಿನ ಹೆಸರಿಟ್ಕೊಂಡ ಕ್ರಿಕೆಟ್ ಟೀಮ್, ಗುಲ್ಬರ್ಗಾ ಮಿಸ್ಟಿಕ್ಸ್, 2022ರಾಗ ಮಹಾರಾಜ ಟ್ರೋಫಿ, ಅಂದ್ರ ಕರ್ನಾಟಕದ ಟಿ20 ಲೀಗ್, ಗೆದ್ತು. ಆಡಿದ್ದು ಮೈಸೂರು, ಬೆಂಗಳೂರಾಗ. ಆದ್ರೂ ಚಾ ಅಂಗಡಿದಾಗ ಅದರ ಮಾತು ನಡೀತದ. ನಾವು ಇಲ್ಲೇ, ಇದೇ ಮಣ್ಣಾಗ ಮೊಣಕಾಲು ಕೆತ್ಕೋತೀವಿ, ನಮ್ಮ ಹೆಸರು ಯಾರಿಗೂ ಗೊತ್ತಿಲ್ಲ. ಮಾರ್ಕೆಟಿಂಗ್ ಹೆಂಗ ಮಾಡ್ಬೇಕು ಹೇಳ್ರಿ, ಮತ್ತ 10 ರೂಪಾಯಿ ಟಿಕೆಟ್ ಇಡ್ಬೇಕೋ ಹಿಂಗೇ ಪುಕ್ಕಟ ಬಿಡ್ಬೇಕೋ ಅದೂ ಹೇಳ್ರಿ.

ಹಳೇ_ಲೆಫ್ಟ್‌ಔಟ್:

ತಮ್ಮಾ, ನಾ ಆಡೋದು ಬಿಟ್ಟು ಇಪ್ಪತ್ತೈದು ವರ್ಷ ಆಯ್ತು, ಮೊಣಕಾಲು ಇನ್ನಾ ನೆನಪು ಮಾಡ್ತದ. ಇಲ್ಲಿ ಫುಟ್‌ಬಾಲ್ ಹೊಸದೇನಲ್ಲ. 1956ರ ತನ ನಾವು ಹೈದರಾಬಾದ್ ರಾಜ್ಯದಾಗೇ ಇದ್ವಿ, ಆವಾಗ ಹೈದರಾಬಾದ್ ಸಿಟಿ ಪೊಲೀಸ್ ಟೀಮ್ ಅಂದ್ರ ದೇಶ ನಡುಗ್ತಿತ್ತು, 1950ರಿಂದ 1954ರ ತನ ಸಾಲಾಗಿ ಐದು ಸಲ ಮುಂಬೈದಾಗ ನಡೀತಿದ್ದ ದೊಡ್ಡ ಟೂರ್ನಿ ರೋವರ್ಸ್ ಕಪ್ ತಂದ್ರು. ಆ ಟೀಮಿನ ಕೋಚ್ ರಹೀಂ ಸಾಹೇಬ್ರೇ ಇಂಡಿಯಾನ ಮೆಲ್ಬೋರ್ನ್ ಒಲಿಂಪಿಕ್ಸಿನಾಗ ನಾಕನೇ ನಂಬರಿಗೆ ಒಯ್ದದ್ದು, 1962ರಾಗ ಜಕಾರ್ತಾದಾಗ ಏಷ್ಯನ್ ಗೇಮ್ಸ್ ಗೋಲ್ಡ್ ತಂದದ್ದು. ನಮ್ಮಪ್ಪ ಈ ಹೆಸರು ದೇವರ ಹೆಸರು ಹೇಳ್ದಂಗ ಹೇಳ್ತಿದ್ರು.

ಇರ್ಲಿ, ಇದನ್ನ ಹೇಳಿದ್ರ ಮಂದಿ ಬರಲ್ಲ, ನನಗೂ ಗೊತ್ತದ. ಆದ್ರ ಒಂದ್ ಮಾತು ಕೇಳು. ನಿಮ್ಮ ಮ್ಯಾಚ್ ಎಲ್ಲದ, ಎಷ್ಟಕ್ಕದ ಅಂತ ಫುಟ್‌ಬಾಲ್ ಹುಚ್ಚಿದ್ದ ನನಗೇ ಗೊತ್ತಾಗಲ್ಲ. ಒಂದ್ ವಾರ ಒಂದ್ ಗ್ರೌಂಡು, ಇನ್ನೊಂದ್ ವಾರ ಇನ್ನೊಂದು, ಒಮ್ಮಿ ಮುಂಜಾನಿ 7ಕ್ಕ, ಒಮ್ಮಿ ಸಂಜಿ 4ಕ್ಕ. ಒಂದ್ ಸಲ ಮೊಮ್ಮಗನ್ನ ಗಾಡಿ ಮ್ಯಾಲ ಕುಂದ್ರಿಸ್ಕೊಂಡು ಬಂದೆ, ಅಲ್ಲಿ ಟೆನಿಸ್ ಬಾಲ್ ಕ್ರಿಕೆಟ್ ನಡದಿತ್ತು, ನಿಮ್ಮ ಮ್ಯಾಚ್ ಮುಂಜಾನೇ ಮುಗದಿತ್ತಂತ. ಮೊಮ್ಮಗ ಕ್ರಿಕೆಟ್ ನೋಡ್ಕೋತ ನಿಂತ, ಹೋಯ್ತು ನಿಮ್ಮದೊಂದು ಗಿರಾಕಿ.

ವಾರದ ಸಂತಿಗೆ ಯಾರಾದ್ರೂ ಪೋಸ್ಟರ್ ಹಚ್ತಾರೇನು? ಸೋಮವಾರ ಸಂತಿ ಅಂದ್ರ ಸೋಮವಾರ, ಮಳಿ ಬರ್ಲಿ ಸಿಡ್ಲು ಬೀಳ್ಲಿ. ಮೊದ್ಲು ದಿನ, ಜಾಗ, ಟೈಮ್ ಗಟ್ಟಿ ಮಾಡ್ರಿ.

ಕೆಂಪುಜರ್ಸಿ_ಕಲಬುರಗಿ:

ಸರ್ ತಪ್ಪಾಯ್ತು ಅವತ್ತಿಂದು. ಗ್ರೌಂಡ್ ನಮ್ಮ ಕೈದಾಗ ಇಲ್ಲ ನೋಡ್ರಿ, ಮದಿವಿ, ಸಭೆ, ಪೊಲೀಸ್ ಭರ್ತಿ ಓಟ ಏನಾದ್ರೂ ಬಂದ್ರ ಮೊದ್ಲು ಎಬ್ಬಿಸೋದು ನಮ್ಮನ್ನೇ.

ಸುರಪುರದವ_ಸದ್ಯ_ಕೋಳಿಕ್ಕೋಡ್:

ಕೆಲಸದ ಮ್ಯಾಲ ಇಲ್ಲಿ ಬಂದು ಮೂರು ವರ್ಷ ಆಯ್ತು, ಇಲ್ಲಿಂದು ಹೇಳ್ತೀನಿ ಕೇಳ್ರಿ. ಮಲಪ್ಪುರಂ ಕಡಿ ಸೆವೆನ್ಸ್ ಅಂತ ಆಡ್ತಾರ, ಒಂದ್ ಟೀಮಿಗೆ ಏಳೇ ಮಂದಿ, ಗ್ರೌಂಡೂ ಸಣ್ಣದು. ಬೆಳಿ ತಗದ ಗದ್ದಿದಾಗೂ ಆಡ್ತಾರ, ಸುತ್ತ ಮರದ ಕಂಬ ಕಟ್ಟಿ ಗ್ಯಾಲರಿ ಎಬ್ಬಿಸಿ, ರಾತ್ರಿ ದೊಡ್ಡ ಲೈಟ್ ಹಾಕಿ. ಜೀಪಿಗೆ ಮೈಕ್ ಕಟ್ಕೊಂಡು ಇವತ್ತು ಯಾರ್ ಯಾರಿಗೆ ಮ್ಯಾಚ್ ಅಂತ ಊರೆಲ್ಲಾ ಒದರ್ಕೋತ ಹೋಗ್ತಾರ, ಆಫ್ರಿಕಾದಿಂದ ಕರಿಸಿದ ಆಟಗಾರರೂ ಇರ್ತಾರ, ಮಂದಿ ಟಿಕೆಟ್ ತಗೊಂಡು ಬಂದು ಒಬ್ರ ಮ್ಯಾಲೊಬ್ರು ಕುಂತು ನೋಡ್ತಾರ. ನಾ ಮೊದ್ಲ ಸಲ ಹೋದಾಗ ಕುಂದರ್ಲಾಕ ಜಾಗ ಸಿಗ್ಲಿಲ್ಲ, ಕಾಲ ಮ್ಯಾಲೇ ನಿಂತು ನೋಡ್ದೆ.

ನಮ್ಮಲ್ಲಿ ಅದನ್ನೇ ಹಂಗಂಗೇ ಮಾಡ್ರಿ ಅನ್ನಲ್ಲ. ಆದ್ರ ರಾತ್ರಿ ಆಡ್ತಾರ ನೋಡ್ರಿ, ಅದು ಮುಖ್ಯ. ಏಪ್ರಿಲ್ ಮೇದಾಗ ಕಲಬುರಗಿದಾಗ 42, 43 ಡಿಗ್ರಿ ಇರ್ತದ, ಸಂಜಿ 4ಕ್ಕ ಕಲ್ಲಿನ ಮೆಟ್ಲ ಮ್ಯಾಲ ಕುಂದ್ರು ಅಂದ್ರ ಯಾರ್ ಕುಂದರ್ತಾರ? ಆಡವರಿಗರೆ ಹುಚ್ಚು ಅದ, ನೋಡವರಿಗೆ ಏನದ? ಸೀಜನ್ ಶುರು ಆಗೋ ಮೊದ್ಲು ಓಣಿ ಓಣಿ ನಡುವ ಒಂದು ಸೆವೆನ್ಸ್ ಮಾಡ್ರಿ, ಮದಿವಿಗೆ ಲೈಟಿಂಗ್ ಹಾಕವರ ಹತ್ರ ನಾಕು ಹ್ಯಾಲೋಜನ್ ಬಾಡಿಗಿ ತಂದ್ರ ಆಯ್ತು.

ಟಿಕೆಟ್ ಮಾತ್ರ ಇಡ್ರಿ. 10 ರೂಪಾಯಿ ಕೊಟ್ಟವ ಹಾಫ್‌ಟೈಮಿಗೆ ಎದ್ದು ಹೋಗಲ್ಲ. ಪುಕ್ಕಟ ಅಂದ್ರ ಬೆಲಿ ಇಲ್ಲದ್ದು ಅಂತ ಮಂದಿ ತಿಳ್ಕೋತಾರ.

ರೆಫ್ರಿ_ಮಾವ:

ಕೋಳಿಕ್ಕೋಡ್ ಅಣ್ಣಾವ್ರೇ, ಟಿಕೆಟ್ ಇಟ್ರ 43 ಹೋಗಿ 13 ಆಗ್ತದ, ಬರ್ಕೊಡ್ತೀನಿ. ಅಲ್ಲಿ ಮಂದಿ ಮೊದ್ಲು ಬಂದ್ರು, ಟಿಕೆಟ್ ಆಮ್ಯಾಲ ಬಂತು. ಇಲ್ಲಿ ಗೇಟಿಗೆ ಒಬ್ಬನ್ನ ಕುಂದ್ರಿಸಿ ಅವನಿಗೆ ಚಾ ನಾಷ್ಟಾ ಕೊಡ್ಸೋ ಖರ್ಚೂ ಹೊಳ್ಳಿ ಬರಲ್ಲ.

ನನ್ನ ಪ್ರಕಾರ ನಿಮ್ಮ ಖರೇ ಎದುರಾಳಿ ಮೊಬೈಲು. ಇಂಗ್ಲೆಂಡಿನಾಗ ಒಂದ್ ರೂಲ್ ಅದ, ಶನಿವಾರ ಮಧ್ಯಾಹ್ನ 2:45ರಿಂದ 5:15ರ ತನ ಟಿವಿದಾಗ ಯಾವ ಫುಟ್‌ಬಾಲ್ ಮ್ಯಾಚೂ ಲೈವ್ ತೋರಿಸಂಗಿಲ್ಲ, ಯಾಕಂದ್ರ ಮನ್ಯಾಗ ದೊಡ್ಡ ಮ್ಯಾಚ್ ಸಿಕ್ರ ಸಣ್ಣ ಊರಿನ ಕ್ಲಬ್ಬಿಗೆ ಯಾರೂ ಹೋಗಲ್ಲಂತ. 1960ರ ದಶಕದಿಂದ ನಡ್ಕೋತ ಬಂದಾದ. ಮಜಾ ಏನಂದ್ರ, ಮ್ಯಾಂಚೆಸ್ಟರಿನವ ಟಿವಿದಾಗ ನೋಡ್ಲಾಕ ಆಗದ ಆ 3 ಗಂಟಿ ಮ್ಯಾಚು ಇಲ್ಲಿ ನಮ್ಮ ಹುಡುಗ ಸೂಪರ್ ಮಾರ್ಕೆಟ್ ಹತ್ರ ತಹರಿ ತಿನ್ಕೋತ ಮೊಬೈಲಿನಾಗ ನೋಡ್ತಾನ. ನಮಗ ಅಂಥಾ ರೂಲ್ ಯಾರ್ ಮಾಡ್ತಾರ? ನಾವೇ ತಪ್ಪಿಸ್ಕೊಂಡು ಹೋಗ್ಬೇಕು. ಐಪಿಎಲ್ ಟೈಮಿನಾಗ ರವಿವಾರ ಮಧ್ಯಾಹ್ನ ಮೂರೂವರಿಗೆ ಒಂದು, ಸಂಜಿ ಏಳೂವರಿಗೆ ಇನ್ನೊಂದು ಇರ್ತದ, ನೀವು 4ಕ್ಕ ಮ್ಯಾಚ್ ಇಡ್ತೀರಿ. ಅಷ್ಟ್ ತಿಳಿಯಲ್ಲೇನು? ಆ ಎರಡು ತಿಂಗ್ಳು ಮುಂಜಾನಿ ಆರೂವರಿಗೆ ಆಡ್ರಿ, ಬಿಸಿಲೂ ಇಲ್ಲ, ಕೊಹ್ಲಿನೂ ಇಲ್ಲ.

ಇನ್ನಾ ಕೆಲವರು ಆವಾಗಿನ ಇಂಡಿಯಾ ಫುಟ್‌ಬಾಲ್ ಕ್ಯಾಪ್ಟನ್ ಸುನಿಲ್ ಛೆತ್ರಿ ಹಂಗ ವಿಡಿಯೋ ಮಾಡಿ ಕೇಳ್ಕೋರಿ ಅಂತಾರ. 2018ರ ಜೂನಿನಾಗ ಮುಂಬೈದಾಗ ಇಂಡಿಯಾ ಮ್ಯಾಚ್‌ಗೆ ಎರಡೂವರಿ ಸಾವಿರದಷ್ಟೇ ಮಂದಿ ಬಂದಿದ್ರು, ಅದೇ ದಿನ ಅಂವ ಹ್ಯಾಟ್ರಿಕ್ ಹೊಡೆದಿದ್ದ, ಆಮ್ಯಾಲ ಬೈರಿ ಆದ್ರ ಬರ್ರಿ ಅಂತ ಕೇಳ್ಕೊಂಡ, ಮುಂದಿನ ಮ್ಯಾಚ್ ಟಿಕೆಟ್ ಎಲ್ಲಾ ಖಾಲಿ. ಖರೇ. ಆದ್ರ ಅಂವ ಛೆತ್ರಿ, ಅದು ಅವನ ನೂರನೇ ಮ್ಯಾಚು. ನೀವು ಹಂಗ ಕೇಳ್ಕೊಂಡ್ರ ಒಂದ್ ರವಿವಾರ ಕನಿಕರಕ್ಕ ಬರ್ತಾರ, ಮುಂದಿನ ವಾರ ಯಾಕ್ ಬರ್ಬೇಕು?

ರೊಕ್ಕಕ್ಕ ನನ್ನದೊಂದು ಐಡಿಯಾ. ದೊಡ್ಡಾಟ, ನಾಟಕದಾಗ ಆಯೇರಿ ಮಾಡಲ್ಲೇನು? ಪಾತ್ರ ಛಲೋ ಮಾಡಿದ್ರ ಯಾರೋ ಎದ್ದು ನೂರಾ ಒಂದು ಕೊಡ್ತಾರ, ಮೈಕಿನಾಗ ಅವರ ಹೆಸರು ಒದರ್ತಾರ. ಅದನ್ನೇ ಮಾಡ್ರಿ. ಗೋಲ್ ಬಿದ್ದ ಕೂಡ್ಲೇ ಮೈಕಿನಾಗ "ಇಂಥಾ ಅಂಗಡಿಯವರಿಂದ ಗೋಲ್ ಹೊಡೆದವನಿಗೆ 101 ರೂಪಾಯಿ ಆಯೇರಿ". ಬೋರ್ಡ್ ಮ್ಯಾಲ ಹೆಸರು ಯಾರೂ ಓದಲ್ಲ, ಮೈಕಿನಾಗ ಕೂಗಿದ್ದು ಗ್ರೌಂಡ್ ಹೊರಗ ಹೋಗವನಿಗೂ ಕೇಳ್ತದ. ಮತ್ತ ದಾಲ್ ಮಿಲ್ಲಿನವರ ಹತ್ರ ಹೊಸ ತೊಗರಿ ಗಂಜಿಗೆ ಬರೋ ಟೈಮಿನಾಗ ಹೋಗ್ಬ್ಯಾಡ್ರಿ, ಆವಾಗ ಅವರಿಗೆ ಉಸಿರಾಡ್ಲಾಕ ಪುರಸೊತ್ತಿರಲ್ಲ. ಗದ್ದಲ ಮುಗಿದು ಕೈದಾಗ ನಾಕ್ ರೊಕ್ಕ ಆಡೋವಾಗ ಹೋಗ್ರಿ.

ಡಿಫೆಂಡರ್_ಅಕ್ಕ:

ಅಣ್ಣಾರೇ, ನೀವೆಲ್ಲಾ ಇಂಗ್ಲೆಂಡ್, ಕೇರಳ ತನ ಹೋಗಿ ಬಂದ್ರಿ, ನಮ್ಮ ಓಣಿಗೆ ಯಾರೂ ಬರ್ಲಿಲ್ಲ. ನನ್ನ ತಮ್ಮ ಇಂಥದ್ದೇ ಒಂದು ಟೀಮಿನಾಗ ಸ್ಟಾಪರ್, ಅಂದ್ರ ಡಿಫೆನ್ಸಿನ ನಡುವ, ಆಡ್ತಾನ, ಇದೇ ಕ್ಲಬ್ಬೋ ಬ್ಯಾರೇನೋ ಹೇಳಲ್ಲ. ಮೊಬೈಲ್ ರಿಪೇರಿ ಅಂಗಡಿದಾಗ ಕೆಲಸ. ಓಣಿ ಮಂದಿಗೆ ಅವನು ಡಿಸ್ಪ್ಲೇ ಹಾಕೋ ಹುಡುಗ ಅಂತಷ್ಟೇ ಗೊತ್ತು, ಫುಟ್‌ಬಾಲ್ ಆಡ್ತಾನಂತ ಒಬ್ರಿಗೂ ಗೊತ್ತಿಲ್ಲ. ದಿನಾ ಅಷ್ಟ್ ಮಂದಿ ಆ ಅಂಗಡಿಗೆ ಬರ್ತಾರ, ಅಲ್ಲಿ ಅವನ ಜರ್ಸಿ ಫೋಟೋ ಒಂದು, ಕೆಳಗ "ರವಿವಾರ ಇಂವ ಆಡ್ತಾನ" ಅಂತ ಒಂದ್ ಹಾಳಿ ಹಚ್ಚಿದ್ರ ನಿಮಗೇನು ಖರ್ಚು? ಜಗತ್ ಸರ್ಕಲ್ ಫ್ಲೆಕ್ಸ್ ಯಾರದ್ದೂ ಅಲ್ಲ, ಅದಕ್ಕೇ ಬಂಡಿ ಮ್ಯಾಲ ಹೋಯ್ತು. ಅಂಗಡಿ ಫೋಟೋ ಮಾಲಕ್ರೇ ಕಾಯ್ತಾರ. ನಿಮ್ಮ ಹುಡುಗರು ಎಲ್ಲೆಲ್ಲಿ ಕೆಲಸ ಮಾಡ್ತಾರ, ಯಾವ ಕಾಲೇಜಿಗೆ ಹೋಗ್ತಾರ ಒಮ್ಮಿ ಲೆಕ್ಕ ಹಾಕ್ರಿ, ಫುಟ್‌ಬಾಲ್ ಅಭಿಮಾನಿಗಳನ್ನ ಹುಡ್ಕೋ ಬದ್ಲಿ ಈ ಹುಡುಗರ ಪರಿಚಯದವರನ್ನ ಕರೀರಿ.

ಇನ್ನೊಂದು, ಪೋಸ್ಟರ್ ಪೂರಾ ಇಂಗ್ಲಿಷಿನಾಗ ಹೊಡಸ್ತೀರಿ. ಯಾರಿಗೆ ತೋರ್ಸ್ಲಾಕ? ನಮ್ಮವ್ವ ಕನ್ನಡ ಓದ್ತಾಳ, ನಮ್ಮ ಗೋಲ್‌ಕೀಪರ್ ಅಮ್ಮೀಜಾನ್ ಉರ್ದು ಓದ್ತಾರ, ಇಬ್ರಿಗೂ ನಿಮ್ಮ ಪೋಸ್ಟರ್ ಕೋಚಿಂಗ್ ಕ್ಲಾಸಿನ ಜಾಹೀರಾತಿನಂಗ ಕಾಣ್ತದ.

ನಾ ಒಂದೇ ಸಲ ನೋಡ್ಲಾಕ ಬಂದಿದ್ದೆ, ಅವ್ವನ್ನೂ ಕರ್ಕೊಂಡು. ಕುಂದರ್ಲಾಕ ನೆರಳಿಲ್ಲ, ಟಾಯ್ಲೆಟ್ಟಿಗೆ ಬೀಗ, ಹಿಂದ ನಿಂತವರ ಬಾಯಾಗ ತಾಯಿ ತಂಗಿ ಬಿಟ್ರ ಬ್ಯಾರೆ ಮಾತಿಲ್ಲ. ಅವ್ವ ಹಾಫ್‌ಟೈಮಿಗೇ ಎದ್ಲು. ತಮ್ಮ ಎರಡನೇ ಹಾಫಿನಾಗ ತಲಿಲೇ ಗೋಲ್ ಹೊಡೆದ, ಅವನ ಜನ್ಮದಾಗ ಅದೊಂದೇ ಗೋಲು, ಅದನ್ನ ನಾವಿಬ್ರೂ ನೋಡ್ಲಿಲ್ಲ. ಇದು ಮಾರ್ಕೆಟಿಂಗ್ ಅಲ್ಲ ಅಂತೀರೇನೋ, ಅನ್ರಿ.

ಹಳೇ_ಲೆಫ್ಟ್‌ಔಟ್:

ಈ ತಂಗಿ ಹೇಳಿದ್ದಕ್ಕ ನನ್ನ ಹತ್ರ ಉತ್ತರ ಇಲ್ಲ. ನಾವು ಆಡೋ ಕಾಲದಾಗೂ ಮನಿ ಹೆಣ್ಮಕ್ಕಳು ಒಬ್ರೂ ಗ್ರೌಂಡ್ ನೋಡ್ಲಿಲ್ಲ. ನನ್ನ ಹೆಂಡ್ತಿ ಇವತ್ತಿಗೂ ನಾ ಹಾಕಿ ಆಡ್ತಿದ್ದೆ ಅಂತ ಹೇಳ್ತಾಳ.

ಕೆಂಪುಜರ್ಸಿ_ಕಲಬುರಗಿ:

ಅಕ್ಕಾರೇ, ನಿಮ್ಮ ತಮ್ಮ ನಮ್ಮವನೇ, ಆ ಹೆಡರ್ ನನಗ ನೆನಪದ. ಅವ್ವಾರಿಗೆ ನಾ ಬಂದು ಹೇಳ್ತೀನಿ.

ಎಲ್ಲಾ ಓದಿ ರಾತ್ರಿ ಮೂರೂ ಮಂದಿ ಕುಂತು ಮಾತಾಡಿದ್ವಿ. ಟಿಕೆಟ್ ಈ ವರ್ಷ ಇಡಲ್ಲ, ಕೋಳಿಕ್ಕೋಡ್ ಅಣ್ಣ ಬೈಬ್ಯಾಡ್ರಿ, ಸೆವೆನ್ಸ್ ಮಾಡಿದ್ರ ಅದಕ್ಕ ಇಟ್ಟು ನೋಡ್ತೀವಿ. ಆಯೇರಿ ಮಾತ್ರ ಪಕ್ಕಾ, ನಮ್ಮ ಮ್ಯಾನೇಜರ್ ದನಿ ಹಂಗೂ ಮೈಕ್ ಇಲ್ದೇ ಶಹಾಬಾದಿಗೆ ಕೇಳ್ತದ. 18 ಹುಡುಗರದ್ದು ಲೆಕ್ಕ ಹಾಕಿದ್ವಿ, ನಿಮ್ಮ ತಮ್ಮನ್ನ ಬಿಟ್ರ ಒಬ್ಬ ಮೆಡಿಕಲ್ ಶಾಪು, ಇಬ್ರು ಗ್ಯಾರೇಜು, ಒಬ್ಬ ಬೇಕರಿ, ಒಬ್ಬರ ಮನ್ಯಾಗೇ ರೊಟ್ಟಿ ಕೇಂದ್ರ, ಉಳದವರು ಕಾಲೇಜು. ಇಷ್ಟ್ ದಿನ ಇದು ತಲಿಗೇ ಹೊಳದಿಲ್ಲ. ಫೋಟೋ ಈ ವಾರ ತಗಸ್ತೀವಿ, ಕೆಳಗ ಕನ್ನಡ ಉರ್ದು ಎರಡೂ. ಟಾಯ್ಲೆಟ್ ಬೀಗದ ಕೈ ವಾಚ್‌ಮನ್ ಕಾಕಾನ ಹತ್ರ ಇರ್ತದಂತ, ಮ್ಯಾಚ್ ದಿನ ತೆಗೀತೀನಿ ಅಂದಾನ, ಸ್ವಚ್ಛ ಮಾಡ್ಸೋದು ನಮ್ಮ ಮ್ಯಾಲ. ಒಂದು ಸಣ್ಣ ಶಾಮಿಯಾನಾನೂ ಹಾಕ್ತೀವಿ. ಬೈಗುಳಕ್ಕ ಏನ್ ಮಾಡ್ಬೇಕೋ ಗೊತ್ತಾಗ್ಲಿಲ್ಲ, ಅದ್ರಾಗ ಅರ್ಧ ನಮ್ಮ ಕೋಚಿಂದೇ.

ಹಳೇ_ಲೆಫ್ಟ್‌ಔಟ್:

ಎಲ್ಲಾ ಛಲೋ ತಮ್ಮಾ. ಇಷ್ಟುದ್ದ ಬರದಿ, ಮುಂದಿನ ಮ್ಯಾಚ್ ಯಾವಾಗ, ಎಲ್ಲಿ ಅಂತ ಬರ್ದೇ ಇಲ್ಲಲ್ಲ?

ಕೆಂಪುಜರ್ಸಿ_ಕಲಬುರಗಿ:

ಅಯ್ಯ ಖರೇನಲ್ರಿ ಸರ್. ರವಿವಾರ, ಮುಂಜಾನಿ ಆರೂವರಿ. ಗ್ರೌಂಡ್ ಯಾವುದಂತ ನಾಳಿ ಹೇಳ್ತೀನಿ, ಅಲ್ಲಿ ಯಾರದೋ ಮದಿವಿ ಅದಂತ.