ಜುಲಾಬು: ರೋಗವೋ, ಮದ್ದೋ?

ಬಳಗದ ಎಲ್ಲರಿಗೂ ಶರಣು.

ಭಾಲ್ಕಿ ಸುತ್ತಲಿನ ಹಳ್ಳಿಗಳಿಗಾಗಿ ಮಳೆಗಾಲದ ಹೊಟ್ಟೆ ರೋಗಗಳ ಕುರಿತು ಒಂದು ಪುಟದ ತಿಳಿವಳಿಕೆ ಪತ್ರ ಬರೆಯುತ್ತಿದ್ದೇನೆ. ಜಠರ, ಯಕೃತ್ತು, ಪಿತ್ತಕೋಶ ತೊಡಕಾಗಲಿಲ್ಲ. ಚಿತ್ರದ ಪಕ್ಕ ಹೆಸರು ಬರೆದರೆ ಸಾಕಾಯಿತು. ಸಿಕ್ಕಿಕೊಂಡದ್ದು ದಿನವೂ ಬಾಯಲ್ಲಿರುವ ‘ಜುಲಾಬು’ ಪದದಲ್ಲಿ.

ನಮ್ಮ ಬೀದರ್ ಕಡೆ ‘ನಿನ್ನೆಯಿಂದ ಜುಲಾಬು ಹತ್ತಿವೆ’ ಎಂದರೆ ನೀರಿನಂತೆ ಮಲ ಹೋಗುತ್ತಿದೆ ಎಂದರ್ಥ. ‘ಜುಲಾಬು ತೆಗೆದುಕೊಂಡೆ’ ಎಂದರೆ ಹೊಟ್ಟೆ ಸ್ವಚ್ಛವಾಗಲೆಂದು ಔಡಲ ಎಣ್ಣೆಯನ್ನೋ ಸೋನಾಮುಖಿಯನ್ನೋ ಸೇವಿಸಿದೆ ಎಂದರ್ಥ. ಹತ್ತುವುದು ರೋಗ, ತೆಗೆದುಕೊಳ್ಳುವುದು ಮದ್ದು. ಕ್ರಿಯಾಪದ ಜೊತೆಗಿರುವವರೆಗೆ ಯಾರಿಗೂ ಗೊಂದಲವಿಲ್ಲ. ಅದು ಬಿಟ್ಟುಹೋಗಿ ‘ಜುಲಾಬಿನ ಗುಳಿಗೆ’ ಎಂದಾದ ಕೂಡಲೇ ಅರ್ಥ ಎರಡೂ ಕಡೆ ವಾಲುತ್ತದೆ. ಹುಮನಾಬಾದಿನ ಔಷಧ ಅಂಗಡಿಯೊಂದರಲ್ಲಿ ಹಿರಿಯರೊಬ್ಬರು ಹೀಗೆಯೇ ಕೇಳಿದರು. ಅಂಗಡಿಯವರು ಕಪಾಟಿಗೆ ಕೈಹಾಕುವ ಮೊದಲು, ‘ಮುತ್ಯಾ, ಆಗಲಿಕ್ಕೋ, ಬಂದ್ ಆಗಲಿಕ್ಕೋ?’ ಎಂದು ವಿಚಾರಿಸಿದರು. ‘ಬಂದ್ ಆಗಲಿಕ್ಕೆ, ಮೊಮ್ಮಗನಿಗೆ’ ಎಂಬ ಉತ್ತರ ಬಂದ ಮೇಲೆ ಗುಳಿಗೆಯ ಮಾತು ಬಿಟ್ಟು, ನೀರಿಗೆ ಬೆರೆಸಿ ಕುಡಿಸುವ ಉಪ್ಪು-ಸಕ್ಕರೆ ಪುಡಿಯ ಓಆರ್‌ಎಸ್ ಪೊಟ್ಟಣ ತೆಗೆದು ಕೊಟ್ಟರು. ಅವರು ಕೇಳಿದರು, ಸರಿಹೋಯಿತು. ಅಚ್ಚಾದ ಕಾಗದ ಹಾಗೆ ಕೇಳುವುದಿಲ್ಲ. ಭೇದಿಯಿಂದ ಒಣಗುತ್ತಿರುವ ಮಗುವಿಗೆ ಯಾರಾದರೂ ಭೇದಿ ಮಾಡಿಸುವ ಮದ್ದನ್ನೇ ಕುಡಿಸಿದರೆ ಜೀವಕ್ಕೇ ಅಪಾಯ.

ಪದದ ಹುಟ್ಟು ಮಾತ್ರ ಸೊಗಸಾಗಿದೆ. ಪಾರಸಿಯಲ್ಲಿ ‘ಗುಲ್’ ಎಂದರೆ ಗುಲಾಬಿ, ‘ಆಬ್’ ಎಂದರೆ ನೀರು. ಗುಲಾಬ್ ಎಂದರೆ ಪನ್ನೀರು. ಅರಬ್ಬಿಯ ಬಾಯಲ್ಲಿ ‘ಗ’ ಹೋಗಿ ‘ಜ’ ಬಂದು ಅದು ಜುಲಾಬ್ ಆಯಿತು, ಸಿಹಿ ಪಾನಕಕ್ಕೆ ಹೆಸರಾಯಿತು. ಇಂಗ್ಲಿಷಿನ ‘ಜೂಲೆಪ್’ ಕೂಡ ಇದೇ ಬಳ್ಳಿಯ ಕುಡಿ. ಕಹಿ ಮದ್ದನ್ನು ಬೆರೆಸಿ ಕುಡಿಸುತ್ತಿದ್ದ ಪಾನಕವೇ ಮದ್ದಿನ ಹೆಸರಾಗಿ, ಮದ್ದಿನ ಪರಿಣಾಮದ ಹೆಸರಾಗಿ, ಕೊನೆಗೆ ರೋಗದ ಹೆಸರೂ ಆಗಿರಬೇಕು ಎಂದು ನನ್ನ ಊಹೆ. ಮರಾಠಿಯಲ್ಲೂ ಎರಡೂ ಅರ್ಥಗಳಿವೆ. ಗಡಿಯ ನಮಗೆ ಉರ್ದು, ಮರಾಠಿ ಎರಡರ ಒಡನಾಟವೂ ಉಂಟು.

‘ಹಾಗಾದರೆ ಭೇದಿ ಎಂದು ಬರೆಯಿರಿ’ ಎನ್ನುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಅಲ್ಲಿಯೂ ಇದೇ ತೊಡಕು. ಸಂಸ್ಕೃತದ ‘ಭಿದ್’ ಎಂದರೆ ಒಡೆ, ಸೀಳು. ಆಯುರ್ವೇದದ ‘ಭೇದನ’ ಗಟ್ಟಿಯಾದ ಮಲವನ್ನು ಒಡೆದು ಹೊರಹಾಕುವ ಮದ್ದಿನ ಗುಣ. ‘ಭೇದಿ ಮಾತ್ರೆ’ ಯಾವುದಕ್ಕೆ, ಹೇಳಿ! ಪತ್ರಿಕೆಗಳ ‘ಕರುಳುಬೇನೆ’ಯೂ ಇಲ್ಲಿ ಹೊಂದುವುದಿಲ್ಲ. ನಮ್ಮಲ್ಲಿ ಬೇನೆ ಎಂದರೆ ಮೊದಲು ಹೊಳೆಯುವುದು ನೋವು. ನೋವಿಲ್ಲದೆ ಬರಿಯ ನೀರು ಹೋಗುತ್ತಿರುವ ಮಗುವಿನ ತಾಯಿ ಅದನ್ನು ಓದಿ ‘ಇದು ನಮಗಲ್ಲ’ ಎಂದುಕೊಂಡಾಳು. ‘ಅತಿಸಾರ’ ಅರ್ಥದಲ್ಲಿ ಖಚಿತ, ಆದರೆ ಪಠ್ಯಪುಸ್ತಕದ ಆಚೆ ಅದನ್ನು ಆಡುವವರು ಕಡಿಮೆ.

ಆದ್ದರಿಂದ ನಾಮಪದವನ್ನೇ ಬಿಟ್ಟು ನಡೆಯುವುದನ್ನು ಹೇಳುವುದು ಲೇಸೆಂದು ನನಗೆ ಕಾಣುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ವ್ಯಾಖ್ಯೆಯೂ ಅದಕ್ಕೆ ಅನುಕೂಲವಾಗಿದೆ. ಕರಡು ಹೀಗಿದೆ: ‘ದಿನಕ್ಕೆ 3 ಅಥವಾ ಹೆಚ್ಚು ಸಲ ನೀರು ನೀರಾಗಿ ಸಂಡಾಸ ಆಗುತ್ತಿದ್ದರೆ, 20.5 ಗ್ರಾಂ ತೂಕದ ಓಆರ್‌ಎಸ್ ಪೊಟ್ಟಣವನ್ನು ಪೂರ್ತಿ 1 ಲೀಟರ್ ಶುದ್ಧ ನೀರಿಗೆ ಹಾಕಿ, ಸ್ವಲ್ಪ ಸ್ವಲ್ಪವಾಗಿ ಕುಡಿಸುತ್ತಿರಿ. ಎದೆಹಾಲು ನಿಲ್ಲಿಸಬೇಡಿ. ಸಂಡಾಸದಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಬನ್ನಿ.’ ಕೊನೆಯ ಸಾಲಿನಲ್ಲಿ ‘ಆಮಶಂಕೆ’ ಎಂದು ಬರೆದು ಹೊಡೆದುಹಾಕಿದೆ. ರಕ್ತ ಎಂದರೆ ಕಣ್ಣಿಗೆ ಕಾಣುತ್ತದೆ.

ಬಳಗದವರಲ್ಲಿ ನನ್ನ ಪ್ರಶ್ನೆಗಳು ಇವು. ‘ಸಂಡಾಸ’ ನಮ್ಮಲ್ಲಿ ಜಾಗಕ್ಕೂ ಹೆಸರು, ಮಲಕ್ಕೂ ಹೆಸರು; ಯಾದಗಿರಿ, ಸುರಪುರದ ಕಡೆ ಮೇಲಿನ ವಾಕ್ಯ ತಡೆಯಿಲ್ಲದೆ ಅರ್ಥವಾಗುತ್ತದೆಯೇ? ಹೊಟ್ಟೆ ತೊಳೆಯುವ ಮದ್ದಿಗೆ ‘ವಿರೇಚಕ’ ಬಿಟ್ಟು, ರೋಗದ ಹೆಸರಿನೊಡನೆ ಬೆರೆಯದ ಆಡುಮಾತಿನ ಪದ ನಿಮ್ಮ ಊರಿನಲ್ಲಿ ಇದೆಯೇ? ಇದ್ದರೆ ಅದನ್ನು ಬಳಸಿದ ಒಂದು ಪೂರ್ತಿ ವಾಕ್ಯವನ್ನೂ, ಊರಿನ ಹೆಸರನ್ನೂ ದಯವಿಟ್ಟು ಬರೆಯಿರಿ.