ಅಪ್‌ಡೇಟ್: ಪ್ರೋಟೀನ್ ಪುಡಿ ಬಿಸಿನೆಸ್‌ಗೆ ಸೇರಲಿಲ್ಲ

ಹತ್ತು ದಿನದ ಹಿಂದೆ ಕೇಳಿದ್ದೆನಲ್ಲ, 18,000 ರೂಪಾಯಿಯ ಪ್ರೋಟೀನ್ ಪುಡಿ, ವಿಟಮಿನ್ ಮಾತ್ರೆಗಳ ಕಿಟ್ ತೆಗೆದುಕೊಂಡು ನೆಟ್‌ವರ್ಕ್ ಮಾರ್ಕೆಟಿಂಗ್‌ಗೆ (ಮಾಲು ಮಾರುತ್ತಾ ಹೊಸಬರನ್ನೂ ಸೇರಿಸುತ್ತಾ ಹೋಗುವ ವ್ಯಾಪಾರ) ಸೇರು ಅಂತ ಭಾವ ಹಿಂದೆ ಬಿದ್ದಿದ್ದಾರೆ, ಏನು ಮಾಡಲಿ ಅಂತ. ಸೇರಲಿಲ್ಲ.

ಕೆಲಸಕ್ಕೆ ಬಂದದ್ದು ನಿಮ್ಮಲ್ಲೊಬ್ಬರು ಹೇಳಿಕೊಟ್ಟ ಪ್ರಶ್ನೆ: "ಯಾರನ್ನೂ ಸೇರಿಸದೆ, ಬರೀ ಡಬ್ಬ ಮಾರಿದರೆ ತಿಂಗಳಿಗೆ ಎಷ್ಟು ಸಿಗುತ್ತದೆ?" ಕಾಸರಗೋಡಿನ ಕುಂಬಳೆಯಲ್ಲಿ ನಡೆದ ಅವರ ಮೀಟಿಂಗ್‌ನಲ್ಲಿ ಎದ್ದು ಕೇಳಿಯೇ ಬಿಟ್ಟೆ. ಭಾವನನ್ನು ಇದಕ್ಕೆ ಸೇರಿಸಿದ ಮೇಲಿನವರು ಕನ್ನಡ ಬಿಟ್ಟು ಮಲಯಾಳಕ್ಕೆ ಜಾರಿದರು. ಉತ್ತರ ಎರಡರಲ್ಲೂ ಬರಲಿಲ್ಲ. 2021ರ ಡೈರೆಕ್ಟ್ ಸೆಲ್ಲಿಂಗ್ (ನೇರ ಮಾರಾಟ) ನಿಯಮದಲ್ಲಿ ಪಿರಮಿಡ್ ಸ್ಕೀಮಿಗೆ, ಅಂದರೆ ಜನರನ್ನು ಸೇರಿಸಿದ್ದಕ್ಕೇ ದುಡ್ಡು ಬರುವ ಸ್ಕೀಮಿಗೆ, ನಿಷೇಧ ಇದೆಯಲ್ಲ ಅಂದೆ. ತಕ್ಷಣ ಚಹಾ ಬಂತು!

ಡಬ್ಬದ ಮೇಲಿನ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಲೈಸೆನ್ಸ್ ನಂಬರ್ ನೋಡಿ ಅನ್ನುವ ಸಲಹೆಯಿಂದ ಜಾಸ್ತಿ ಪ್ರಯೋಜನ ಆಗಲಿಲ್ಲ. 14 ಅಂಕಿ ಸರಿಯಾಗಿಯೇ ಇತ್ತು. ಲೈಸೆನ್ಸ್ ಇದ್ದ ಮಾತ್ರಕ್ಕೆ ವ್ಯಾಪಾರ ಗಿಟ್ಟಬೇಕೆಂದಿಲ್ಲ, ಅಲ್ವಾ? ಆದರೆ ಡಬ್ಬ ತಿರುಗಿಸುವಾಗ ಇನ್ನೊಂದು ಕಂಡಿತು. ಔಷಧವಾಗಿ ಬಳಸುವುದಕ್ಕಲ್ಲ ಅಂತ ಇಂಗ್ಲಿಷಿನಲ್ಲಿ ಅಚ್ಚಾಗಿದೆ. ಇಂಥ ಸಪ್ಲಿಮೆಂಟ್‌ಗಳ (ಪೂರಕ ಆಹಾರ) ಮೇಲೆ ಅದು ಇರಲೇಬೇಕಂತೆ. ಭಾವ ಆ ಡಬ್ಬದ್ದನ್ನೇ ಅಮ್ಮನ ಶುಗರಿಗೆ ಮದ್ದು ಅಂತ ಕೊಟ್ಟಿದ್ದರು! ಪುಣ್ಯಕ್ಕೆ ಅಮ್ಮ ಡಾಕ್ಟರ ಮಾತ್ರೆ ಬಿಟ್ಟಿರಲಿಲ್ಲ.

ಭಾವನದ್ದು ಈಗ ಮಾತು ಕಮ್ಮಿ. ಅಟ್ಟದಲ್ಲಿ ಇನ್ನೂ ಹನ್ನೊಂದು ಡಬ್ಬ ಉಳಿದಿದೆ ಅಂತ ಅಕ್ಕ ಗುಟ್ಟಾಗಿ ಹೇಳಿದಳು.